ಹೊಗೆಯಣ್ಣನ ರಜ

"ಪೆಟ್ಟಿಗೆಯ ಮೂರು ಸಾವಿರ ಬಡಗಿಗೆ ಹೋಯ್ತು. ಜಾಗದ ಒಂದು ಸಾವಿರ ಆಫೀಸಿಗೆ ಹೋಯ್ತು. ಅವೆರಡಕ್ಕೂ ನಂಗೂ ಸಂಬಂಧ ಇಲ್ಲ. ನಂದು ಗುಂಡಿ ಒಂದೇ. ನಿನ್ನೆ ಆರುನೂರು ಅಂದಿದ್ದೆ, ಹೌದು. ಇವತ್ತು ಸಾವಿರದ ಇನ್ನೂರು," ಎನ್ನುತ್ತ ಗುಂಡಿ ತೋಡುವವನು ಗುದ್ದಲಿಯನ್ನು ಬಾಗಿಲ ಪಕ್ಕಕ್ಕೆ ಒರಗಿಸಿದ.

"ಬೆಳಗಾಗೋದ್ರೊಳಗೆ ಮಣ್ಣು ಅಷ್ಟು ಗಟ್ಟಿಯಾಯ್ತಾ?" ಮಗಳು ಕೇಳಿದಳು.

"ಮಣ್ಣು ಹಾಗೇ ಇದೆ ಅಕ್ಕ. ದಿನ ಬದಲಾಯ್ತು. ಇವತ್ತು ಮೇ ಒಂದು. ಕೆಲಸ ಮಾಡಿದ್ರೆ ಡಬಲ್. ನಾನು ಮಾಡಿದ ಕಾನೂನಲ್ಲ ಇದು."

"ಗಾಡಿ?"

"ಗಾಡಿ ಇಲ್ಲ. ಡ್ರೈವರು ಮೆರವಣಿಗೆಗೆ ಹೋಗಿದ್ದಾನೆ, ನಾಲ್ಕು ಪಟ್ಟು ಕೊಟ್ರೂ ಬರಲ್ಲ. ಹೊತ್ಕೊಂಡೇ ಬರ್ಬೇಕು. ಮರ ಭಾರ ಇದೆ, ಆರು ಜನ ಆದ್ರೂ ಬೇಕು." ಅವನು ಕತ್ತು ಚಾಚಿ ಒಳಗೆ ನೋಡಿದ. "ಆರು ಜನ ಇದ್ದಾರಾ?"

ಒಳಗೆ ಇದ್ದದ್ದು ಅಪ್ಪನನ್ನು ಮಲಗಿಸಿದ್ದ ಪೆಟ್ಟಿಗೆ, ಅದರ ತಲೆಯ ಕಡೆ ಕೂತು ರಟ್ಟಿನ ಚೂರಿನಿಂದ ಗಾಳಿ ಬೀಸುತ್ತಿದ್ದ ಅಮ್ಮ, ಮತ್ತು ಪಕ್ಕದ ಮನೆಯ ಹೆಂಗಸು. ಆ ಹೆಂಗಸಿನ ಗಂಡ ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುವವನು. ಸತ್ತವನ ಜಾಗಕ್ಕೆ ಬಂದವನು.

"ನಾಳೆ ಮಾಡಿದ್ರೆ?" ಮಗಳು ದನಿ ತಗ್ಗಿಸಿದಳು.

"ಈ ಸೆಕೇಲಿ ನಾಳೆ ತನಕ ಇಟ್ಕೋತೀರಾ? ಮಧ್ಯಾಹ್ನದೊಳಗೆ ತನ್ನಿ. ಆಮೇಲೆ ಗೇಟಿಗೆ ಬೀಗ ಹಾಕ್ತೀನಿ. ನಂಗೂ ಹೆಂಡ್ತಿ ಮಕ್ಕಳು ಇದ್ದಾರೆ, ರಜ ಇದೆ." ಅವನು ಗುದ್ದಲಿ ಎತ್ತಿಕೊಂಡು ಹೊರಟವನು ಹಿಂತಿರುಗಿ ನೋಡಿದ. "ಈ ರಜ ತರೋಕೆ ಕಾರ್ಖಾನೆ ಕೆಲಸಗಾರರು ಎಷ್ಟು ಕಷ್ಟ ಪಟ್ಟಿದ್ದಾರೆ ಗೊತ್ತಲ್ಲ ಅಕ್ಕ." ಅಂದಮೇಲೆ ಯಾರ ಮನೆಯ ಬಾಗಿಲಲ್ಲಿ ನಿಂತಿದ್ದೇನೆ ಎಂಬುದು ನೆನಪಾಗಿ, ಕೆಮ್ಮಿ ಹೋಗಿಬಿಟ್ಟ.

ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಕೈ ಖಾಲಿ ಇದ್ದರೆ ಸಿಕ್ಕಿದ್ದನ್ನು ಮಡಿಸುವುದು ಅವಳ ಅಭ್ಯಾಸ. ಅಪ್ಪನ ಟವೆಲನ್ನು ಬೆಳಗಿನಿಂದ ಅವಳು ನಾಲ್ಕೈದು ಸಲ ಬಿಡಿಸಿ ಮಡಿಸಿದ್ದಳು. ಆರು ಜನ ಎಲ್ಲಿಂದ ತರುವುದು? ಬೀದಿಯ ಗಂಡಸರೆಲ್ಲ ಕಾರ್ಖಾನೆಯ ಗೇಟಿನ ಮುಂದೆ ಸೇರಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಇದೇ ಬೀದಿಯಲ್ಲಿ ಮೈದಾನಕ್ಕೆ ಹೋಗುತ್ತಾರೆ. ಕರೆದರೆ ಬರಬಹುದು. ಬರದೆಯೂ ಇರಬಹುದು. ಬಾರದಿದ್ದರೆ ಯಾಕೆ ಎಂಬುದು ಅವಳಿಗೆ ಎಂಟು ವರ್ಷದವಳಾಗಿದ್ದಾಗಿನಿಂದ ಗೊತ್ತಿತ್ತು.

ಮೊದಲು ಬಂದವನು ಸೋದರಮಾವ. ಅಮ್ಮನ ತಮ್ಮ. ಇಡೀ ಆಯುಷ್ಯ ಕೊಳವೆಯಿಂದ ಗಾಜು ಊದಿ, ಅವನ ಕೆನ್ನೆಗಳು ಖಾಲಿ ಚೀಲದ ಹಾಗೆ ಜೋತುಬಿದ್ದಿದ್ದವು. ಈ ಮನೆಗೆ ಅವನು ಕಾಲಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಇವತ್ತೂ ಕಾಲಿಡಲಿಲ್ಲ. ಮೆಟ್ಟಿಲ ಮೇಲೆ, ಕಿಟಕಿಯ ಕೆಳಗೆ ಕೂತ.

"ಒಳಗೆ ಬಾ ಮಾವ."

"ಇಲ್ಲೇ ಗಾಳಿ ಚೆನ್ನಾಗಿದೆ."

"ನೋಡಲ್ವಾ?"

"ಅಕ್ಕನ್ನ ನೋಡೋಕೆ ಬಂದೆ. ಅಕ್ಕ ಇಲ್ಲಿಂದ್ಲೇ ಕಾಣ್ತಾಳೆ." ಅವನು ತಲೆ ಎತ್ತಿ ಬೀದಿಯ ಕೊನೆಯಲ್ಲಿದ್ದ ಕಾರ್ಖಾನೆಯ ಚಿಮಣಿಯನ್ನು ನೋಡಿದ. ಊರಿನ ಹಳಬರಿಗೆಲ್ಲ ಇದ್ದ ಅಭ್ಯಾಸ ಅದು. "ಕುಲುಮೆ ಹತ್ರ ಯಾರಿದ್ದಾರೆ ಇವತ್ತು? ನಿಮ್ಮಪ್ಪ ಅಂತೂ ಇಲ್ಲಿದ್ದಾರೆ."

"ನಮ್ಮವರು," ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದು ಹೇಳಿದಳು. "ಅದಕ್ಕೇ ಇಲ್ಲಿಗೆ ಬರೋಕಾಗ್ಲಿಲ್ಲ. ಒಲೆ ಬಿಟ್ಟು ಬರೋ ಹಾಗಿಲ್ವಲ್ಲ."

"ವರ್ಷಾ ವರ್ಷಾ ಮೆರವಣಿಗೇಲಿ ಮುಂದೆ ನಿಂತು ಕೂಗ್ತಾನೆ. ಈ ವರ್ಷ ಮಾತ್ರ ಒಲೆನಾ?"

"ಬೇರೆ ವರ್ಷ ಒಲೆ ಹತ್ರ ಇವರು ಹೋಗಿ ಕೂತ್ಕೋತಿದ್ರು." ಅವಳು ಪೆಟ್ಟಿಗೆಯ ಕಡೆ ನೋಡಿದಳು. "ನೀನು ಹೋಗಪ್ಪ, ಮೆರವಣಿಗೇಲಿ ನಡಿ ಅಂತಿದ್ರು."

"ರಿಟೈರ್ ಆದ್ಮೇಲೂ ಮೇ ಒಂದಕ್ಕೆ ಗೇಟೊಳಗೆ ಹೋಗ್ತಾನೆ ಅಂತ ಕೇಳಿದ್ದೆ. ಡಬಲ್ ಸಂಬಳ ಬಿಡೋಕಾಗುತ್ತಾ?"

"ಸಂಬಳ ನಮ್ಮವರ ಹೆಸರಿಗೇ ಬರ್ತಿತ್ತು."

ಮಾವ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಸುಮ್ನೆ ಯಾರು ಹೋಗ್ತಾರಮ್ಮ?" ಎಂದ.

* * *

ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ಆರುವ ಹಾಗಿಲ್ಲ. ಆರಿದರೆ ತೊಟ್ಟಿಯಲ್ಲಿ ಕರಗಿ ನಿಂತ ಗಾಜು ಕಲ್ಲಾಗುತ್ತದೆ, ಸುತ್ತಲಿನ ಇಟ್ಟಿಗೆ ಸೀಳುತ್ತದೆ, ಮತ್ತೆ ಕಟ್ಟಬೇಕಾದರೆ ಕಾರ್ಖಾನೆಯನ್ನೇ ಕಟ್ಟಿದ ಹಾಗೆ. ಹಬ್ಬ ಇರಲಿ, ಸಾವಿರಲಿ, ಒಬ್ಬ ಅದರ ಮುಂದೆ ಇರಲೇಬೇಕು. ಅಪ್ಪ ಆ ಒಬ್ಬ.

ಮಗಳು ಎರಡನೆಯ ತರಗತಿಯಲ್ಲಿದ್ದಾಗ ಕೆಲಸಗಾರರು ವರ್ಷಕ್ಕೊಂದು ದಿನ ಕೇಳಿದರು. ಮೇ ಒಂದು, ಸಂಬಳದ ರಜ. ಮಾಲೀಕರು ನಕ್ಕರು. ಎಲ್ಲರೂ ಹೊರಗೆ ಬಂದರು. ಸಂಘದವರು ಗೇಟಿನ ಮುಂದೆ ಘೋಷಿಸಿದರು: ಕುಲುಮೆ ಸಾಯಲಿ, ನಾವು ಒಳಗೆ ಹೋಗುವುದಿಲ್ಲ.

ಎಲ್ಲರೂ ಚಿಮಣಿಯನ್ನು ನೋಡುತ್ತ ಕೂತರು. ಹೊಗೆ ನಿಂತರೆ ಮಾಲೀಕರು ಮಣಿಯುತ್ತಾರೆ. ಒಂದು ದಿನ ಕಳೆಯಿತು, ಎರಡು ಕಳೆಯಿತು. ಹೊಗೆ ಸಣ್ಣಗಾಯಿತು. ಆದರೆ ನಿಲ್ಲಲಿಲ್ಲ. ಬೀಡಿ ಸೇದುವವನ ಬಾಯಿಂದ ಬರುವಷ್ಟು ಹೊಗೆ, ದಿನವಿಡೀ.

"ಒಳಗೆ ಯಾರೋ ಇದ್ದಾನೆ," ಎಂದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಯಾರು ಕಾಣುತ್ತಿಲ್ಲ ಎಂದು ಹುಡುಕಿದರು. ಅಪ್ಪ ಕಾಣುತ್ತಿರಲಿಲ್ಲ. ಮಾವ ಮನೆಗೆ ಬಂದು ಅಕ್ಕನ ಮುಂದೆ ನಿಂತ.

"ಎಲ್ಲಿ ಅವರು?"

"ಊರಿಗೆ ಹೋಗಿ ಬರ್ತೀನಿ ಅಂದ್ರು."

"ಅವರಿಗೆ ಯಾವ ಊರಿದೆ ಅಕ್ಕ?"

ಅಮ್ಮನಿಗೆ ಗೊತ್ತಿದ್ದದ್ದು ಅಷ್ಟೇ.

ಎರಡನೆಯ ವಾರದ ಕೊನೆಗೆ ಮಾಲೀಕರು ಸಹಿ ಹಾಕಿದರು. ರಜ ಸಿಕ್ಕಿತು. ಬೀದಿಯಲ್ಲಿ ಪಟಾಕಿ ಹೊಡೆದರು. ಅದೇ ಸಂಜೆ ಹಿಂದಿನ ಗೇಟಿನಿಂದ ಅಪ್ಪ ಹೊರಬಂದ. ಹುಬ್ಬು ಸುಟ್ಟಿತ್ತು, ಕಣ್ಣು ಬಾತಿತ್ತು. ಜನ ದಾರಿ ಬಿಟ್ಟರು. ಗೌರವಕ್ಕಲ್ಲ, ತಾಗಬಾರದು ಎಂದು. ಯಾರೋ ಹಿಂದಿನಿಂದ "ಹೊಗೆಯಣ್ಣ ಬಂದ್ರು!" ಎಂದು ಕೂಗಿದರು. ಎಲ್ಲರೂ ನಕ್ಕರು. ಆ ಹೆಸರು ಅವನಿಗೆ ಅಂಗಿಯ ಹಾಗೆ ಅಂಟಿಕೊಂಡಿತು. ಅಂಗಡಿಯವನೂ, ಕೊನೆಗೆ ಅಂಚೆಯವನೂ ಅದೇ ಹೆಸರು ಕೂಗುತ್ತಿದ್ದರು. ಅಪ್ಪ ಓಗೊಡುತ್ತಿದ್ದ.

* * *

ಸಂಘದ ಅಧ್ಯಕ್ಷರು ಬಂದಾಗ ಅವರ ಕಂಕುಳಲ್ಲಿ ಕಾಗದ ಸುತ್ತಿದ ಒಂದು ಗಂಟು ಇತ್ತು. ಮುಷ್ಕರದ ವರ್ಷ ಅಧ್ಯಕ್ಷರಾದವರು ಇವತ್ತಿಗೂ ಅಧ್ಯಕ್ಷರು. ಮೆಟ್ಟಿಲ ಮೇಲಿದ್ದ ಮಾವ ಎದ್ದು ನಿಂತ.

"ನೀವು ಇಲ್ಲಿ?"

"ಹಳೇ ಕೆಲಸಗಾರರು, ನೋಡಿ ಹೋಗೋಣ ಅಂತ."

"ಮುಂದಿನ ತಿಂಗಳು ಸಂಘದ ಎಲೆಕ್ಷನ್ ಅಲ್ವಾ?"

"ಅದಕ್ಕೂ ಇದಕ್ಕೂ ಏನಪ್ಪ?"

"ಏನೂ ಇಲ್ಲ. ಕೇಳ್ದೆ."

ಅಧ್ಯಕ್ಷರು ಒಳಗೆ ಹೋಗಿ ಪೆಟ್ಟಿಗೆಯ ಮುಂದೆ ನಿಂತರು. ಗಂಟು ಬಿಚ್ಚಿದರು. ಸಂಘದ ಕೆಂಪು ಬಾವುಟ, ಇಸ್ತ್ರಿ ಮಾಡಿದ್ದು.

"ಇದನ್ನ ಹೊದಿಸೋಣ ಅಂತ ತಂದೆ," ಎಂದರು.

ಮಗಳು ಬಾವುಟವನ್ನು ನೋಡಿದಳು, ಅವರನ್ನು ನೋಡಿದಳು. "ನಮ್ಮಪ್ಪನಿಗಾ? ಮೂವತ್ತು ವರ್ಷ ಈ ಮನೆ ಮುಂದೆ ಮೆರವಣಿಗೆ ಹೋಗುವಾಗ ನೀವು ಆ ಕಡೆ ಮುಖ ಮಾಡ್ಕೊಂಡು ಹೋಗ್ತಿದ್ರಿ."

"ಹೌದಮ್ಮ."

"ಇವತ್ತು ಏನಾಯ್ತು? ಏನು ಬೇಕು ನಿಮಗೆ?"

ಅಧ್ಯಕ್ಷರು ಪಕ್ಕದ ಮನೆಯ ಹೆಂಗಸಿನ ಕಡೆ ನೋಡಿದರು. ಅವಳು ನೀರು ತರುತ್ತೇನೆಂದು ಅಡುಗೆಮನೆಗೆ ಹೋದಳು. ಅವರು ದನಿ ತಗ್ಗಿಸಿದರು.

"ನಿಮ್ಮಪ್ಪನ್ನ ಒಳಗೆ ಕಳಿಸಿದ್ದು ಮಾಲೀಕರಲ್ಲ. ನಾವು. ಮೂರು ಜನ ಸೇರಿ ತೀರ್ಮಾನ ಮಾಡಿದ್ವಿ, ಉಳಿದಿಬ್ರು ಈಗ ಇಲ್ಲ. ಕುಲುಮೆ ನಿಜಕ್ಕೂ ಸತ್ತಿದ್ರೆ ನಾವು ರಜ ಗೆದ್ದು ಯಾವ ಕಾರ್ಖಾನೆಗೆ ವಾಪಸ್ ಹೋಗ್ಬೇಕಿತ್ತು? ಒಲೆನ ಸಾಯೋಕೂ ಬಿಡ್ಬೇಡ, ಬದುಕೋಕೂ ಬಿಡ್ಬೇಡ ಅಂದ್ವಿ. ಮಾಲೀಕರ ಹತ್ರ ಹೋಗಿ, ನಾನು ನಿಮ್ಮ ಕಡೆ, ಒಲೆ ಉಳಿಸ್ತೀನಿ ಅನ್ನು. ಸಣ್ಣ ಉರಿ ಹಾಕು. ದಿನಾ ಬೆಳಿಗ್ಗೆ, ಇನ್ನು ಉಳಿಯಲ್ಲ ಸ್ವಾಮಿ, ಇವತ್ತೇ ಕೊನೆ ಅಂತ ಹೇಳ್ತಾ ಇರು. ಹೆದರಿಸು. ಅವನು ಹಾಗೇ ಮಾಡ್ದ."

ರಟ್ಟು ಬೀಸುತ್ತಿದ್ದ ಅಮ್ಮನ ಕೈ ನಿಂತಿತು.

"ಯಾರಿಗೂ ಹೇಳ್ಬಾರ್ದು ಅಂತ ಮಾತು ತಗೊಂಡಿದ್ವಿ. ಮಾಲೀಕರಿಗೆ ಗೊತ್ತಾದ್ರೆ ಸಹಿ ವಾಪಸ್ ತಗೋತಿದ್ರು."

"ಮಾಲೀಕರು ಸತ್ತು ಎಷ್ಟು ವರ್ಷ ಆಯ್ತು?" ಮಗಳು ಕೇಳಿದಳು.

"ಬಹಳ ವರ್ಷ ಆಯ್ತಮ್ಮ."

"ಆಮೇಲೆ ಯಾಕೆ ಹೇಳ್ಲಿಲ್ಲ?"

"ಆಮೇಲೆ..." ಅವರು ಬಾವುಟದ ಅಂಚನ್ನು ಸವರಿದರು. "ಕುಲುಮೆ ಸತ್ರೂ ಸರಿ ಅಂತ ಎದೆ ಕೊಟ್ಟು ನಿಂತವರು ಅಂತ ನಮಗೆ ಹೆಸರು ಬಂದಿತ್ತಮ್ಮ. ಪ್ರತಿ ವರ್ಷ ಭಾಷಣದಲ್ಲಿ ಅದೇ ಹೇಳ್ತಿದ್ದೆ. ಹೇಳ್ತಾ ಹೇಳ್ತಾ..."

"ಇದು ನಿಜ ಅಂತ ನಾನು ಹೇಗೆ ನಂಬ್ಲಿ? ಉಳಿದಿಬ್ರು ಇಲ್ಲ. ಅಪ್ಪ ಬಾಯಿ ಬಿಡಲ್ಲ. ನಿಮಗೆ ಓಟು ಬೇಕು."

"ನಂಬಬೇಡ. ಇದನ್ನ ಹೊದಿಸು ಸಾಕು." ಅವರು ಬಾವುಟವನ್ನು ಅವಳ ಕೈಗಿಟ್ಟರು.

"ಮೈದಾನಕ್ಕೆ ಹೋಗೋ ಮುಂಚೆ ನೀವು ನಮ್ಮ ಬೀದಿ ಮೂಲೇಲಿ ನಿಂತು ಮಾತಾಡ್ತೀರಲ್ಲ. ಅಲ್ಲಿ ಇದನ್ನ ಮೈಕಲ್ಲಿ ಹೇಳಿ. ಆಮೇಲೆ ಬಾವುಟ ಹೊದಿಸೋಣ."

"ಈ ವರ್ಷ ಬೇಡಮ್ಮ. ಎಲೆಕ್ಷನ್ ಕಳೀಲಿ."

ಮಗಳು ಬಾವುಟವನ್ನು ಅವರ ಕೈಗೆ ವಾಪಸು ಕೊಡಲಿಲ್ಲ. ಪೆಟ್ಟಿಗೆಯ ಮೇಲೂ ಹಾಕಲಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟು, "ಹೋಗಿ ಬನ್ನಿ," ಎಂದಳು.

ಅವರು ಹೋದ ಮೇಲೆ ಕಿಟಕಿಯ ಆಚೆಯಿಂದ ಮಾವನ ದನಿ ಬಂತು. ಕೂತಲ್ಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಸಣ್ಣ ಉರಿ ಅಂದ್ರಾ?"

"ಹೂಂ. ಯಾಕೆ?"

ಮಾವ ತನ್ನ ಕೆನ್ನೆಯನ್ನು ಒತ್ತಿಕೊಂಡ. "ಮುಷ್ಕರ ಮುಗಿದ ಬೆಳಿಗ್ಗೆ ಮೊದಲು ಕೊಳವೆ ಅದ್ದಿದವನು ನಾನೇ. ಗಾಜು ಚಳಿಗಾಲದ ಜೇನಿನ ಹಾಗೆ ಬಿಗಿದುಕೊಂಡಿತ್ತು. ಒಳಗೆಲ್ಲ ಗುಳ್ಳೆ. ಉರಿ ಏರಿಸಿ, ಸೀಸೆ ಊದೋ ಹದಕ್ಕೆ ತರೋಕೆ ವಾರ ಹಿಡೀತು. ಮಾಲೀಕರ ಚೇಲಾ, ನೆಟ್ಟಗೆ ಒಲೆ ನೋಡ್ಕೊಳ್ಳೋಕೂ ಬರ್ಲಿಲ್ಲ ಅಂತ ಅದಕ್ಕೂ ಬೈದಿದ್ದೆ."

"ಮಾವ, ಏನು ಹೇಳ್ತಿದ್ದೀಯ?"

"ಮಾಲೀಕರ ಕಡೆಯವನಾಗಿದ್ರೆ ಪೂರ್ತಿ ಉರಿ ಹಾಕ್ತಿದ್ದ. ಮಾರನೇ ದಿನಾನೇ ಬೇರೆಯವರನ್ನ ತಂದು ಸೀಸೆ ಊದಿಸ್ಬಹುದಿತ್ತು. ಹಂಗೆ ಹಾಕ್ಲಿಲ್ಲ." ಅವನು ಚಿಮಣಿಯ ಕಡೆ ಕೈ ತೋರಿಸಿದ. "ನಾವೆಲ್ಲ ಗಾಜಿನ ಕೆಲಸದವರು. ಹೊಗೆ ನೋಡ್ತಾ ಕೂತ್ವಿ. ಗಾಜು ನೋಡ್ಲಿಲ್ಲ."

ಅಮ್ಮ ರಟ್ಟನ್ನು ಕೆಳಗಿಟ್ಟಳು. "ನಂಗೂ ಹೇಳಿರ್ಲಿಲ್ಲ," ಎಂದಳು. "ಮಾಲೀಕರು ಏನು ಕೊಟ್ಟಿರ್ಬಹುದು ಅಂತ ಅವರು ಮಲಗಿದಾಗ ಜೇಬು ತಡಕ್ತಿದ್ದೆ. ಒಂದೆರಡು ಸಲ ಅಲ್ಲ."

* * *

ಮಗಳಿಗೆ ಹದಿನೈದಾಗಿದ್ದಾಗ ಒಂದು ಮೇ ಒಂದರಂದು ಅಪ್ಪನಿಗೆ ಬುತ್ತಿ ಕೊಡಲು ಕುಲುಮೆಯ ಹತ್ತಿರ ಹೋಗಿದ್ದಳು. ಉಳಿದ ಕಾರ್ಖಾನೆ ಬಿಕೋ ಎನ್ನುತ್ತಿತ್ತು. ಅಪ್ಪ ನೀಲಿ ಗಾಜಿನ ಚೂರನ್ನು ಕಣ್ಣಿಗೆ ಹಿಡಿದು ಒಲೆಯ ಕಿಂಡಿಯಲ್ಲಿ ಇಣುಕುತ್ತಿದ್ದ. ಮೇಲಿನ ಗವಾಕ್ಷಿಯಿಂದ ಅಧ್ಯಕ್ಷರ ಭಾಷಣ ಕೇಳುತ್ತಿತ್ತು. ಶಿಕಾಗೊ ಎಂಬ ದೂರದ ಊರು, ಎಂಟು ಗಂಟೆಯ ಕೆಲಸ ಕೇಳಿದವರು, ಸಭೆಯ ಮೇಲೆ ಬಿದ್ದ ಬಾಂಬು, ಗಲ್ಲಿಗೇರಿದವರು.

"ಬಾಂಬ್ ಹಾಕಿದವನು ಯಾರು ಅಂತ ಈ ವರ್ಷ ಆದ್ರೂ ಗೊತ್ತಾಯ್ತಂತಾ?" ಅಪ್ಪ ಕೇಳಿದ. ಪ್ರತಿ ವರ್ಷ ಕೇಳುತ್ತಿದ್ದ ಪ್ರಶ್ನೆ ಅದು.

"ಇಲ್ವಂತೆ."

"ಪಾಪ. ಸಿಕ್ಕವರನ್ನ ನೇಣಿಗೆ ಹಾಕಿದ್ರು. ಇನ್ನೊಂದು ಗೊತ್ತಾ? ಈ ದಿನ ಹುಟ್ಟಿದ ದೇಶದಲ್ಲೇ ಈ ದಿನ ರಜ ಇಲ್ಲ. ಅಲ್ಲಿ ಸೆಪ್ಟೆಂಬರಿಗೆ ಕೊಟ್ಟಿದ್ದಾರೆ. ಪ್ರಪಂಚಕ್ಕೆಲ್ಲ ಮದುವೆ ಊಟ ಹಾಕಿಸಿ ಮನೆಯವರೇ ಉಪವಾಸ." ತನ್ನ ಜೋಕಿಗೆ ತಾನೇ ನಕ್ಕ.

ಅವಳು ನಗಲಿಲ್ಲ. ಆ ಬೆಳಿಗ್ಗೆ ಯಾರೋ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಚಿಮಣಿಯ ಚಿತ್ರ ಬರೆದು ಹೋಗಿದ್ದರು. "ಅಪ್ಪ, ನೀನು ಮಾಲೀಕರ ಕಡೆಯವನಾ?"

ಅಪ್ಪ ನೀಲಿ ಗಾಜನ್ನು ಒರೆಸಿ ಜೇಬಿಗೆ ಹಾಕಿದ. "ನಾನು ಒಲೆ ಕಡೆಯವನು," ಎಂದ. "ಬುತ್ತಿ ಬಿಚ್ಚು. ಆರಿ ಹೋಗುತ್ತೆ."

ಮನೆಗೆ ಬರುವ ದಾರಿಯಲ್ಲಿ ಅವಳು ಯೋಚಿಸಿದಳು: ಇಲ್ಲ ಎಂದು ಹೇಳಲಿಲ್ಲವಲ್ಲ.

* * *

ಮೆರವಣಿಗೆ ಬೀದಿಯ ಮೂಲೆಗೆ ಬಂತು. ಮುಂದೆ ನಿವೃತ್ತರು, ಹಿಂದೆ ಕೆಲಸದಲ್ಲಿರುವವರು, ಕೊನೆಯಲ್ಲಿ ಸೀಸೆ ಆರಿಸುವ ಹೆಂಗಸರು. ಅಧ್ಯಕ್ಷರು ಲಾರಿಯ ಮೇಲೆ ಹತ್ತಿದರು. ಮೈಕು ಕಿರುಚಿ ಸುಮ್ಮನಾಯಿತು.

ಮಗಳು ಬಾಗಿಲನ್ನು ಪೂರ್ತಿ ತೆರೆದಿಟ್ಟಳು. ಬೀದಿಯಿಂದ ನೋಡಿದವರಿಗೆ ಪೆಟ್ಟಿಗೆ ಕಾಣುತ್ತಿತ್ತು. ಕೆಲವರು ನೋಡಿದರು. ಕೆಲವರು ತಮ್ಮ ಚಪ್ಪಲಿ ನೋಡಿಕೊಂಡರು.

"ಬಂಧುಗಳೇ, ಅವರು ಕೇಳಿದ್ದೇನು? ಎಂಟು ಗಂಟೆ ಕೆಲಸ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ನಮ್ಮದು ಅಂತ," ಅಧ್ಯಕ್ಷರು ಆರಂಭಿಸಿದರು. "ಕೊಟ್ಟಿದ್ದೇನು? ಗುಂಡು. ಅಲ್ಲಿ ಸಭೆಯಲ್ಲಿ ಒಂದು ಬಾಂಬು ಬಿತ್ತು. ಹಾಕಿದವನು ಯಾರು, ಇವತ್ತಿಗೂ ಗೊತ್ತಿಲ್ಲ. ಆದರೆ ನಾಲ್ವರನ್ನು ಗಲ್ಲಿಗೆ ಹಾಕಿದರು. ಕೆಲವು ವರ್ಷದ ನಂತರ ಪ್ಯಾರಿಸ್‌ನಲ್ಲಿ ನಾನಾ ದೇಶದವರು ಸೇರಿ, ಈ ದಿನ ನಮ್ಮೆಲ್ಲರದು ಎಂದು ತೀರ್ಮಾನಿಸಿದರು. ಇವತ್ತು ಎಷ್ಟೋ ದೇಶಗಳಲ್ಲಿ ನಮ್ಮ ಹಾಗೇ ಜನ ಬೀದಿಯಲ್ಲಿದ್ದಾರೆ. ನಮ್ಮ ಊರಿನಲ್ಲೂ ಕುಲುಮೆ ಸತ್ತರೂ ಸರಿ ಎಂದು..."

"ಅಧ್ಯಕ್ಷರೇ!"

ಮಾವ ಮೆಟ್ಟಿಲ ಮೇಲೆ ನಿಂತಿದ್ದ. ಗಾಜು ಊದಿದ ಎದೆ. ದನಿ ಮೈಕಿಗಿಂತ ಜೋರಾಗಿತ್ತು.

"ಶಿಕಾಗೋದಲ್ಲಿ ಬಾಂಬ್ ಹಾಕಿದವನು ಗೊತ್ತಿಲ್ಲ, ಬಿಡಿ. ನಮ್ಮೂರಲ್ಲಿ ಕುಲುಮೆ ಕಾಯೋಕೆ ಒಳಗೆ ಹೋದವನ್ನ ಕಳಿಸಿದ್ದು ಯಾರು? ಅದು ಗೊತ್ತಲ್ಲ ನಿಮಗೆ?"

ಅಧ್ಯಕ್ಷರು ಮೈಕಿನ ಕುತ್ತಿಗೆ ಹಿಡಿದು ನಿಂತರು. ಅವರ ಉಸಿರು ಧ್ವನಿವರ್ಧಕದಲ್ಲಿ ಕೇಳುತ್ತಿತ್ತು.

"ನಾನೇ," ಎಂದರು.

ಗುಸುಗುಸು ಎದ್ದಿತು. "ಏನಂದ್ರು?" "ಯಾರು ಕಳಿಸಿದ್ದು?" "ಈಗ ಹೇಳಿದ್ರೆ ಯಾರು ನಂಬ್ತಾರೆ, ಸತ್ತವನು ಎದ್ದು ಬಂದು ಹೌದು ಅಂತಾನಾ?" "ಎಲೆಕ್ಷನ್ ಕಣೋ, ಎಲೆಕ್ಷನ್."

ಮಾವ ಬೀದಿಗಿಳಿದು ನಿವೃತ್ತರ ಸಾಲಿನ ಮುಂದೆ ನಿಂತ. "ಅವರ ಮಾತು ಬಿಡ್ರೋ. ನಿಮ್ಮನ್ನೇ ಕೇಳ್ಕೊಳ್ಳಿ. ವಾಪಸ್ ಹೋದ ದಿನ ಗಾಜು ಹೇಗಿತ್ತು?"

ಜೋತುಬಿದ್ದ ಕೆನ್ನೆಯ ಮುದುಕರು ಒಬ್ಬರನ್ನೊಬ್ಬರು ನೋಡಿದರು.

"ಬಿಗಿ ಇತ್ತು," ಒಬ್ಬ ನಿಧಾನವಾಗಿ ಹೇಳಿದ. "ನನ್ನ ಕೊಳವೆಗೆ ಅಂಟ್ಕೊಂಡು ಬರ್ಲೇ ಇಲ್ಲ."

"ಗುಳ್ಳೆ," ಇನ್ನೊಬ್ಬ ಹೇಳಿದ. "ತಿಂಗಳ ಮಾಲೆಲ್ಲ ಗುಳ್ಳೆ."

"ಪೂರ್ತಿ ಉರಿ ಇದ್ದಿದ್ರೆ ಹಂಗಿರ್ತಿತ್ತಾ?"

ಊದುವವರಿಗೆ ಉತ್ತರ ಬೇಕಿರಲಿಲ್ಲ. ಹಿಂದಿನ ಸಾಲಿನ ಹುಡುಗರು ಮಾತ್ರ, "ಏನು ಗುಳ್ಳೆ, ಏನು ಬಿಗಿ?" ಎಂದು ಕೇಳುತ್ತಿದ್ದರು.

"ಪೆಟ್ಟಿಗೆ ಭಾರ ಇದೆ," ಮಾವ ಹೇಳಿದ. "ಗಾಡಿ ಇಲ್ಲ. ನಾನೊಬ್ಬ ಇದ್ದೀನಿ."

ಮೊದಲು ಒಬ್ಬ ಬಂದ. ಆಮೇಲೆ ಗುಳ್ಳೆ ಎಂದವನು ಬಂದ. ಒಬ್ಬ ಮುಂದೆ ಹೆಜ್ಜೆ ಇಟ್ಟು, ಅನುಮಾನಿಸಿ, ಮತ್ತೆ ಸಾಲಿಗೆ ಹೋಗಿ ನಿಂತ. ಮಾವನೂ ಸೇರಿ ಐವರಾದರು, ಎಲ್ಲರೂ ಎಪ್ಪತ್ತರ ಆಸುಪಾಸಿನವರು.

"ಇಷ್ಟು ಮಂಡಿನೋವು ಸೇರಿ ಎಲ್ಲಿಗ್ರೋ ಹೋಗ್ತೀರಾ?" ಸಾಲಿನಿಂದ ಯಾರೋ ಅಂದರು. ಅಂದವನೇ ಬೈದುಕೊಳ್ಳುತ್ತ ಬಂದು ಆರನೆಯವನಾಗಿ ನಿಂತ.

ಅಧ್ಯಕ್ಷರು ಲಾರಿಯಿಂದ ಇಳಿಯಲಿಲ್ಲ. ಅವರು ಮನೆಗೆ ಬಂದದ್ದು ಸಂಕಟಕ್ಕೋ ಲೆಕ್ಕಾಚಾರಕ್ಕೋ, ಮಗಳಿಗೆ ಕೊನೆಗೂ ತಿಳಿಯಲಿಲ್ಲ. ಮೆರವಣಿಗೆ ಅವರ ಹಿಂದೆ ಮೈದಾನದ ಕಡೆ ತಿರುಗಿತು.

ಪೆಟ್ಟಿಗೆ ಎತ್ತಿದಾಗ ಅದರ ಅಂಚು ಮಾವನ ಹೆಗಲ ಮೂಳೆಗೆ ಒತ್ತಿತು. ಅವನು ಹಲ್ಲು ಕಚ್ಚಿದ. ಮಗಳು ಕಿಟಕಿಯ ಕಟ್ಟೆಯಿಂದ ಬಾವುಟವನ್ನು ತಂದು, ಆಸ್ಪತ್ರೆಯ ಹಾಸಿಗೆಬಟ್ಟೆಯ ಹಾಗೆ ಚೌಕವಾಗಿ ಮಡಿಸಿ, ಅವನ ಹೆಗಲಿಗೂ ಮರಕ್ಕೂ ನಡುವೆ ಸೇರಿಸಿದಳು.

"ಈಗ ಸರಿನಾ?"

"ಸರಿ. ಮೆಲ್ಲಗೆ ನಡೀರಿ, ಭಾವ ಇದ್ದಾರೆ," ಎಂದ ಮಾವ. ಮೂವತ್ತು ವರ್ಷದಲ್ಲಿ ಆ ಶಬ್ದ ಅವನ ಬಾಯಿಂದ ಬಂದಿರಲಿಲ್ಲ. ಅಮ್ಮ ಹಿಂದಿನಿಂದ ಕೇಳಿಸಿಕೊಂಡಳು.

ಮಣ್ಣು ಮುಚ್ಚಿದ ಮೇಲೆ ಮಗಳು ಹಣ ತೆಗೆದಳು. ಗುಂಡಿ ತೋಡುವವನಿಗೆ ಸುದ್ದಿ ಅಷ್ಟರೊಳಗೆ ತಲುಪಿತ್ತು. ಅವನು ತಲೆ ಕೆರೆದುಕೊಂಡ. "ಆರುನೂರು ಸಾಕು ಅಕ್ಕ. ಇವರಿಗಲ್ವಾ."

ಅಮ್ಮ ಮಗಳ ಕೈಯಿಂದ ನೋಟು ತೆಗೆದುಕೊಂಡು ಪೂರ್ತಿ ಅವನ ಅಂಗೈಯಲ್ಲಿಟ್ಟಳು. "ರಜದ ದಿನ ಕೆಲಸ ಮಾಡಿದ್ದೀಯ. ಎಣಿಸ್ಕೋ."

ಅವನು ಎಣಿಸಿಕೊಂಡ.

ಸ್ಮಶಾನದ ಗೋಡೆಯ ಆಚೆ ಚಿಮಣಿ ಕಾಣುತ್ತಿತ್ತು. ಹೊಗೆ ದಪ್ಪಗೆ, ನೇರವಾಗಿ ಏರುತ್ತಿತ್ತು. ಮಾವ ಅಭ್ಯಾಸದಂತೆ ತಲೆ ಎತ್ತಿ ನೋಡಿದ. ಮಡಿಸಿದ ಬಾವುಟ ಇನ್ನೂ ಅವನ ಹೆಗಲ ಮೇಲೆಯೇ ಇತ್ತು.

"ಪಕ್ಕದ ಮನೆಯವನೇ ಅಲ್ವಾ ಒಳಗೆ?"

"ಅವನೇ," ಮಗಳು ಹೇಳಿದಳು. "ಇನ್ಮೇಲೆ ಅವನಿಗೆ ಈ ರಜ ಇಲ್ಲ."